ರಿಯಾಲ್ಟೊ ಸೇತುವೆ ನಡುವೆ ಯಾಕೆ ತುಂಡಾಗಿದೆ? 1500ರ ವೆನಿಸ್ ಚಿತ್ರದ ಬಗ್ಗೆ ಒಂದು ಪ್ರಶ್ನೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ.

ಎರಡು ವರ್ಷದ ಹಿಂದೆ ಮಗಳು ವೆನಿಸ್‌ಗೆ ಹೋಗಿದ್ದಾಗ ನನಗೆ ಅಂತ ಒಂದು ಚಿತ್ರದ ಪ್ರತಿ ತಂದುಕೊಟ್ಟಳು. ಯಾಕೊಪೊ ದೆ ಬಾರ್ಬರಿ ಎನ್ನುವವನ ವೆನಿಸ್ ನೋಟ, 1500ನೇ ಇಸವಿಯ ಎಚ್ಚಿಂಗ್. ಇಡೀ ಊರನ್ನು ಆಕಾಶದಲ್ಲಿ ಹಾರುವ ಹಕ್ಕಿ ನೋಡಿದ ಹಾಗೆ ಬಿಡಿಸಿದ್ದಾನೆ. ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಹಾಕಿದ್ದೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಪಠ್ಯದಲ್ಲಿ ವೆನಿಸ್ ಅಂದರೆ ಎರಡು ಸಾಲು ಇರುತ್ತಿತ್ತು, ಅಷ್ಟೇ. ಈಗ ಬೆಳಿಗ್ಗೆ ಕಾಫಿ ಕುಡಿಯುತ್ತಾ ಭೂತಗನ್ನಡಿ ಹಿಡಿದು ದಿನಕ್ಕೊಂದು ಬೀದಿ ನೋಡುತ್ತೇನೆ.

ಹೋದ ವಾರ ರಿಯಾಲ್ಟೊ ಸೇತುವೆಗೆ ಬಂದೆ. ನಾವೆಲ್ಲ ಫೋಟೊಗಳಲ್ಲಿ ನೋಡಿದ ಬಿಳಿ ಕಲ್ಲಿನ ಕಮಾನು ಇಲ್ಲಿಲ್ಲ. ಮರದ ಸೇತುವೆ, ನೀರಿನಲ್ಲಿ ಊರಿದ ಕಂಬಗಳು. ಎರಡೂ ದಡದಿಂದ ಅಂಗಡಿಗಳ ಮಾಡು ಏರುತ್ತಾ ಏರುತ್ತಾ ಬಂದು ನಡುನೀರಿನ ಮೇಲೆ ತಟ್ಟನೆ ನಿಂತುಬಿಡುತ್ತದೆ. ಸರಿಯಾಗಿ ಮಧ್ಯದಲ್ಲಿ ಮಾಡು ತುಂಡು. ಊರಿನ ಬೇರೆ ಮನೆ, ಗೋಪುರ, ಕಿಟಕಿ ಎಲ್ಲವನ್ನೂ ಅಷ್ಟು ಜತನದಿಂದ ಬಿಡಿಸಿದವನು ಸೇತುವೆಯನ್ನು ಮಾತ್ರ ಯಾಕೆ ಹೀಗೆ ಬಿಟ್ಟ? ಬೀದಿಗಳಲ್ಲಿ ಜನವೂ ತೀರಾ ಕಡಿಮೆ. ಸಿರಿವಂತಿಕೆ ಶಾಶ್ವತವಲ್ಲ ಎಂದು ಹೇಳಲು ಮುರಿದ ಸೇತುವೆಯನ್ನು ಸಂಕೇತವಾಗಿ ಇಟ್ಟಿರಬಹುದೇ? ಕೆಳಗೆ ನೀರಿನಲ್ಲಿ ತ್ರಿಶೂಲ ಹಿಡಿದ ಸಮುದ್ರದೇವತೆ ಕೂಡ ಇದ್ದಾನೆ, ಹಾಗಾಗಿ ಸಂಕೇತದ ಉದ್ದೇಶ ಖಂಡಿತ ಇದೆ ಅನ್ನಿಸುತ್ತದೆ. ಬಲ್ಲವರು ತಿಳಿಸಿ.

ಮಸಿಕೈ:

ಮೇಡಂ, ಸೇತುವೆ ಮುರಿದಿಲ್ಲ. ನಡುವಿನ ಭಾಗ ಮೇಲಕ್ಕೆ ಎತ್ತುವಂಥದ್ದು. ಎತ್ತರದ ಪಟಸ್ತಂಭ ಇರುವ ಹಡಗು ಬಂದರೆ ಆ ಹಲಗೆಗಳನ್ನು ಎತ್ತಿ ದಾರಿ ಬಿಡುತ್ತಿದ್ದರು. ಎತ್ತಬೇಕಾದ ಕಡೆ ಅಂಗಡಿ ಕಟ್ಟೋಕಾಗಲ್ಲ, ಅದಕ್ಕೇ ಮಾಡು ಅಲ್ಲಿ ತುಂಡಾಗಿದೆ. ವಿಟ್ಟೋರೆ ಕಾರ್ಪಾಚೊ ಇದೇ ಸೇತುವೆಯನ್ನು ನಾಲ್ಕೈದು ವರ್ಷ ಮುಂಚೆ ಬಣ್ಣದಲ್ಲಿ ಬಿಡಿಸಿದ್ದಾನೆ. ರಿಯಾಲ್ಟೊ ಹತ್ತಿರ ನಡೆದ ಶಿಲುಬೆಯ ಪವಾಡದ ಚಿತ್ರ, ವೆನಿಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಡುವಿನ ತುಂಡು ಏನು ಅಂತ ಥಟ್ಟನೆ ಗೊತ್ತಾಗುತ್ತೆ.

ಇನ್ನೊಂದು. ಇದು ಎಚ್ಚಿಂಗ್ ಅಲ್ಲ, ವುಡ್‌ಕಟ್. ಅಂಗಡಿಗಳಲ್ಲಿ ಹಳೇ ಕಪ್ಪುಬಿಳಿ ಚಿತ್ರಕ್ಕೆಲ್ಲ ಎಚ್ಚಿಂಗ್ ಅಂತಾನೇ ಚೀಟಿ ಅಂಟಿಸಿರುತ್ತಾರೆ. ನಾನು ಪ್ರಿಂಟ್‌ಮೇಕಿಂಗ್ ಓದಿದವನು, ಇದನ್ನು ಹೇಳದೆ ಇರೋಕಾಗಲ್ಲ, ಯಾಕಂದ್ರೆ ನಿಮ್ಮ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ. ಎಚ್ಚಿಂಗ್‌ನಲ್ಲಿ ಲೋಹದ ತಗಡಿಗೆ ಮೇಣ ಸವರಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದುತ್ತೀವಿ. ಗೀರಿದ ಕಡೆ ಆಮ್ಲ ಕಚ್ಚುತ್ತೆ, ಮಸಿ ಆ ತಗ್ಗಿನಲ್ಲಿ ನಿಲ್ಲುತ್ತೆ. ಇಸವಿ ನಮೂದಾಗಿರುವ ಅತಿ ಹಳೇ ಎಚ್ಚಿಂಗ್ 1513ರದು, ಉರ್ಸ್ ಗ್ರಾಫ್ ಅನ್ನೋ ಸ್ವಿಸ್ ಕಲಾವಿದನದು. ಅಂದರೆ ನಿಮ್ಮ ಚಿತ್ರ ಅದಕ್ಕಿಂತ ಹಿರಿಯದು.

ವುಡ್‌ಕಟ್ ಪೂರ್ತಿ ಉಲ್ಟಾ. ಮಸಿ ಹತ್ತಬೇಕಾದ ಗೆರೆಯನ್ನು ಉಳಿಸಿ, ಅದರ ಎರಡೂ ಪಕ್ಕದ ಮರವನ್ನು ಉಳಿಯಿಂದ ತೆಗೆದುಹಾಕಬೇಕು. ಸೇತುವೆಯ ಕೆಳಗಿನ ಆ ಕಂಬಗಳನ್ನು ಭೂತಗನ್ನಡಿಯಲ್ಲಿ ನೋಡಿ ಮೇಡಂ. ಒಂದೊಂದು ಕಂಬವೂ ಕೆತ್ತುವವನು ಮುಟ್ಟದೆ ಬಿಟ್ಟ ಮರದ ಎಳೆ. ಕೈ ಒಂದು ನೂಲು ಜಾರಿದರೆ ಕಂಬ ಹಾರಿಹೋಗುತ್ತೆ, ಮತ್ತೆ ಅಂಟಿಸೋಕಾಗಲ್ಲ. ಮರದ ಸೇತುವೆಯನ್ನು ಮರದಲ್ಲೇ ನಿಲ್ಲಿಸಿದ್ದಾರೆ. ನಾನು ಕಾಲೇಜಿನಲ್ಲಿ ಅಂಗೈಯಗಲದ ಹಲಗೆಯ ಮೇಲೆ ಒಂದು ಬೇಲಿ ಕೆತ್ತೋಕೆ ನಾಲ್ಕು ದಿನ ತಗೊಂಡಿದ್ದೆ. ಇಲ್ಲಿ ಆರು ದೊಡ್ಡ ಹಲಗೆ. ಎಲ್ಲ ಜೋಡಿಸಿದರೆ ಸುಮಾರು 1.3 ಮೀಟರ್ ಎತ್ತರ, 2.8 ಮೀಟರ್ ಅಗಲ. ಅಷ್ಟು ಕಷ್ಟ ಬಿದ್ದು ಆ ಪುಟ್ಟ ಎತ್ತುಹಲಗೆಯನ್ನೂ ಬಿಡದೆ ತೋರಿಸಿದ್ದಾರೆ ಅಂದರೆ, ಅದು ಅವರಿಗೆ ಮುಖ್ಯ ಆಗಿತ್ತು.

ಸಂಕೇತ ಬೇಕಿದ್ದರೆ ಮೇಲೆ ಮೋಡದಲ್ಲಿ ಕೂತಿರೋ ಮರ್ಕ್ಯುರಿಯಿಂದ ಶುರು ಮಾಡಿ.

ತುಂಗಾತೀರ:

ಬಹಳ ಧನ್ಯವಾದ. ಮರದ ಸೇತುವೆ ಮರದಲ್ಲೇ ನಿಂತಿದೆ ಎಂದಿರಲ್ಲ, ಅದನ್ನು ಓದಿ ಮತ್ತೆ ಹೋಗಿ ನೋಡಿದೆ. ಕಣ್ಣು ತುಂಬಿತು.

ಆದರೆ ಮರ್ಕ್ಯುರಿ ಎಲ್ಲಿ? ನನ್ನ ಚಿತ್ರದಲ್ಲಿ ಮೇಲ್ಗಡೆ ಬೆಟ್ಟದ ಸಾಲು ಇದೆ, ಅಲ್ಲಿಗೆ ಕಟ್ಟು ಬಂತು. ಮೋಡವೂ ಇಲ್ಲ, ದೇವರೂ ಇಲ್ಲ.

ಹಳೇನಕ್ಷೆ:

ಅಯ್ಯೋ ಮೇಡಂ, ಹಾಗಾದರೆ ನಿಮ್ಮ ಪ್ರತಿಯ ಮೇಲಂಚು ಹೋಗಿದೆ. ಕಟ್ಟು ಹಾಕಿದವರು ಅಳತೆಗೆ ಕೂರಿಸುವಾಗ ತೆಗೆದಿರಬೇಕು. ನಾನು ಪಾದೊವಾದಲ್ಲಿ ಕೆಲಸದಲ್ಲಿದ್ದೇನೆ, ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಕೊರ್ರೆರ್ ಮ್ಯೂಸಿಯಂಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಆರೂ ಮೂಲ ಹಲಗೆಗಳು ಐನೂರು ವರ್ಷ ದಾಟಿ ಇಂದಿಗೂ ಅಲ್ಲಿವೆ. ಮಸಿ ಕುಡಿದು ಕಪ್ಪಾಗಿವೆ. ಹಲಗೆಯಲ್ಲಿ ಊರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಹಾಗಾಗಿ ಮೊದಲ ಸಲ ರಿಯಾಲ್ಟೊ ಹುಡುಕಲು ನನಗೂ ಹೊತ್ತು ಹಿಡಿಯಿತು.

ನಿಮ್ಮ ಚಿತ್ರದಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ಮೇಲೆ, ಬೆಟ್ಟಗಳ ಆಚೆ, ಮೋಡದ ಉಂಗುರದೊಳಗೆ ಮರ್ಕ್ಯುರಿ ಕೂತಿದ್ದಾನೆ. ರೋಮನ್ನರಿಗೆ ವ್ಯಾಪಾರದ ದೇವರು. ಕೈಯಲ್ಲಿ ಹಾವು ಸುತ್ತಿಕೊಂಡ ಕೋಲು. ಸುತ್ತ ಲ್ಯಾಟಿನ್ ಅಕ್ಷರ: ಉಳಿದೆಲ್ಲ ಪೇಟೆಗಳಿಗಿಂತ ಮಿಗಿಲಾಗಿ ಈ ಪೇಟೆಯ ಮೇಲೆ ಮರ್ಕ್ಯುರಿಯಾದ ನಾನು ಒಲವಿನ ಬೆಳಕು ಚೆಲ್ಲುತ್ತೇನೆ. ಕೆಳಗೆ ನೀವು ನೋಡಿದ ನೆಪ್ಚೂನ್ ಡಾಲ್ಫಿನ್‌ನಂಥ ಮೀನಿನ ಮೇಲೆ ಕೂತಿದ್ದಾನೆ. ಅವನ ತ್ರಿಶೂಲದ ಹತ್ತಿರದ ಫಲಕದಲ್ಲಿ: ಕಡಲನ್ನು ಕಾಯುತ್ತಾ ನೆಪ್ಚೂನ್ ನಾನು ಈ ಬಂದರಿನಲ್ಲಿ ನೆಲೆಸಿದ್ದೇನೆ. ಒಬ್ಬ ಪೇಟೆಗೆ ಜವಾಬ್ದಾರ, ಇನ್ನೊಬ್ಬ ನೀರಿಗೆ. ಇಬ್ಬರೂ ಚಿತ್ರದ ನಡುಭಾಗದಲ್ಲಿ, ಒಬ್ಬನ ಕೆಳಗೊಬ್ಬ. ಅವರ ನಡುವೆ ಬರುವುದು ಸಾನ್ ಮಾರ್ಕೊ ಚೌಕ ಮತ್ತು ಸ್ವಲ್ಪ ಮೇಲೆ ರಿಯಾಲ್ಟೊ. ಒಂದು ರಾಜ್ಯಭಾರದ ಜಾಗ, ಒಂದು ಹಣದ ಜಾಗ.

ಈಗ ಸೇತುವೆಗೆ ಬನ್ನಿ. ಗ್ರ್ಯಾಂಡ್ ಕೆನಾಲ್ ಮೇಲೆ ಆಗ ಇದ್ದದ್ದು ಇದೊಂದೇ ಸೇತುವೆ. ಎರಡನೆಯದು ಬಂದದ್ದು 1854ರಲ್ಲಿ. ಅಂದರೆ ಇಡೀ ಊರಿನಲ್ಲಿ ಕಾಲುದಾರಿಯೂ ದೊಡ್ಡ ನೀರುದಾರಿಯೂ ಒಂದನ್ನೊಂದು ಅಡ್ಡ ಹಾಯುವ ಏಕೈಕ ಜಾಗ. ಹಲಗೆ ಇಳಿದಿದ್ದರೆ ಗಿರಾಕಿಗಳು ದಾಟುತ್ತಾರೆ. ಎತ್ತಿದರೆ ಹಡಗು ದಾಟುತ್ತದೆ. ಮರ್ಕ್ಯುರಿಯೂ ನೆಪ್ಚೂನನೂ ಸರದಿಯ ಮೇಲೆ ಉಪಯೋಗಿಸುವ ಬಾಗಿಲು ಅದು. ನನ್ನ ಮಟ್ಟಿಗೆ ಈ ಚಿತ್ರದ ಅರ್ಥ ಅಲ್ಲಿದೆ. ನಿಮಗೆ ತುಂಡು ಅನ್ನಿಸಿದ ಜಾಗವೇ ಕೀಲು.

ಸೇತುವೆಯ ಪಕ್ಕದ ದೊಡ್ಡ ಕಟ್ಟಡ ನೋಡಿ. ಅದರ ಹೆಸರನ್ನು ಚಿತ್ರದಲ್ಲೇ ಬರೆದಿದ್ದಾರೆ. ಜರ್ಮನ್ ವರ್ತಕರು ಇಳಿದುಕೊಂಡು ಸರಕು ಇಡುತ್ತಿದ್ದ ಫೊಂದಾಕೊ. ಈ ಚಿತ್ರಕ್ಕೆ ದುಡ್ಡು ಹಾಕಿ ಪ್ರಕಟಿಸಿದವನೂ ಜರ್ಮನ್ ವರ್ತಕನೇ, ನ್ಯೂರೆಂಬರ್ಗ್‌ನ ಆಂಟನ್ ಕೋಲ್ಬ್. 1500ರ ಅಕ್ಟೋಬರ್‌ನಲ್ಲಿ ಅವನು ಸರ್ಕಾರಕ್ಕೆ ಅರ್ಜಿ ಹಾಕಿದ. ಮೂರು ವರ್ಷದ ಕೆಲಸ, ಬೇರೆಯವರು ನಕಲು ಮಾಡದಂತೆ ನಾಲ್ಕು ವರ್ಷ ರಕ್ಷಣೆ ಕೊಡಿ ಎಂದು ಕೇಳಿಕೊಂಡ. ಪ್ರತಿಗೆ ಮೂರು ಡುಕಾಟ್ ಬೆಲೆ. ದೂರದ ಬೆಟ್ಟಸಾಲಿನಲ್ಲಿ ಸೆರ್ರವಾಲ್ಲೆ ಎನ್ನುವ ಊರಿನ ಹೆಸರಿದೆ, ಅದು ಉತ್ತರಕ್ಕೆ ಜರ್ಮನ್ ನಾಡುಗಳಿಗೆ ಹೋಗುವ ದಾರಿ. ಬೆಟ್ಟದಾಚೆಯಿಂದ ಬಂದ ವರ್ತಕನ ಕಣ್ಣಿನಲ್ಲಿ ಸೇತುವೆ ಎಲ್ಲಿ ಇರಬೇಕೋ ಅಲ್ಲೇ ಇದೆ.

ಕಂಬತೊಲೆ:

ಮೇಡಂ ಅವರ, ನಾ ಧಾರವಾಡದಾಂವ. ಸರ್ಕಾರಿ ನೌಕರಿಯೊಳಗ ಸೇತುವಿ ಕಟ್ಟಿಸಿಕೋತ ಬಂದು ರಿಟೈರ್ ಆಗೇನಿ. ನಿಮ್ಮ ಚಿತ್ರ ನೆಟ್ಟಿನೊಳಗ ದೊಡ್ಡದು ಮಾಡಿ ನೋಡಿದೆ. ಈ ಸಂಕೇತ ಪಂಕೇತ ಎಲ್ಲಾ ಆಮ್ಯಾಲೆ, ಮೊದಲ ಭಾರದ ಮಾತು ಆಡೂಣು.

ಮರದ ಕಂಬ ನೀರಾಗ ಪೂರ್ತಿ ಮುಳುಗಿದ್ರ ಭಾಳ ವರ್ಷ ತಡೀತಾವ. ನೀರು ಏರಿ ಇಳಿಯೂ ಮಟ್ಟದಾಗ ಅವು ಕೊಳೀತಾವ. ಅದರ ಮ್ಯಾಲೆ ಎರಡೂ ಕಡೆ ಅಂಗಡಿ ಸಾಲು, ಅಂಗಡಿಯೊಳಗ ಮಾಲು, ನಡುವ ಜನ. ನಡುವಿನ ಭಾಗ ಎತ್ತೂವಂಥಾದ್ದು ಆಗಿದ್ದಕ್ಕ ಎರಡು ತುದಿ ಒಂದನ್ನೊಂದು ಆನಿಸಿ ನಿಲ್ಲಾಂಗಿಲ್ಲ, ಒಂದೊಂದು ಅರ್ಧ ತನ್ನ ಭಾರ ತಾನ ಹೊರಬೇಕು. 1444ರಾಗ ಫೆರಾರಾದ ದೊರಿ ಮದುವಿ ದಿಬ್ಬಣ ದೋಣಿಯೊಳಗ ಬರೂವಾಗ, ನೋಡಾಕ ಮಂದಿ ಎಲ್ಲಾ ಒಂದ ಕಡೆ ನುಗ್ಗಿ, ಸೇತುವಿ ಕುಸಿದು ಬಿತ್ತು. ಜಾತ್ರ್ಯಾಗ ತೇರು ನೋಡಾಕ ಮಂದಿ ಒಂದ ಮಾಳಗಿ ಮ್ಯಾಲೆ ಏರಿದ್ರ ಏನಾಕ್ಕೈತಿ ಅದ. ಮತ್ತ ಕಟ್ಟಿದ್ರು. ನೀವು ನೋಡೂದು ಆ ಮತ್ತ ಕಟ್ಟಿದ್ದು. 1524ರಾಗ ಅದೂ ಬಿತ್ತು.

ಆಮ್ಯಾಲೆ ಕಲ್ಲಿಂದು ಕಟ್ಟೂಣು ಅಂತ ವರ್ಷಗಟ್ಟಲೆ ಜಗ್ಗಾಡಿದ್ರು. ಪಲ್ಲಾಡಿಯೊನಂಥಾ ದೊಡ್ಡ ಹೆಸರಿನವರು ನಕ್ಷಾ ಕೊಟ್ಟಿದ್ರು. ಕಡೀಕ ಆಂತೊನಿಯೊ ದಾ ಪೊಂತೆ 1588ರಿಂದ 1591ರೊಳಗ ಒಂದ ಕಮಾನಿಂದು ಮುಗಿಸಿದ. ಅವನ ಮನಿತನದ ಹೆಸರ ‘ಸೇತುವಿಯವ’ ಅಂತ ಆಗ್ತದ. ಅಗಲ 28 ಮೀಟರ್ ಮ್ಯಾಲೆ, ನಡುವ ಒಂದೂ ಕಂಬ ಇಲ್ಲ. ಎರಡೂ ದಡಿಗೆ ತಲಾ ಆರು ಸಾವಿರ ಗೂಟ ಹೊಡೆದಾರಂತ ಹೇಳ್ತಾರ. ಕಮಾನು ಪಕ್ಕಕ್ಕ ಒದಿಯೂ ಜೋರು ಆ ಗೂಟದ ಮ್ಯಾಲೆ. ಕೆಸರು ನೆಲದಾಗ ಅದನ್ನ ಮಾಡಿದವನಿಗೆ ನಾ ಇಲ್ಲಿಂದ ಕೈ ಮುಗೀತೇನಿ.

ನನ್ನ ತಕರಾರು ಇಷ್ಟ. 1500ರಾಗ ಊರು ಹೆಂಗಿತ್ತೋ ಹಂಗ ತಗದಾನ. ಸೇತುವಿ ಎತ್ತೂವಂಥಾದ್ದು ಇತ್ತು, ಹಂಗ ತಗದಾನ. ಅದಕ್ಕ ದೇವರ ಬಾಗಲಾ ಅಂತ ಅರ್ಥ ಹಚ್ಚೂದು ನಮ್ಮ ಮನಸ್ಸಿನ ಆಟ ಅಲ್ಲೇನ್ರಿ?

ಹಳೇನಕ್ಷೆ:

ಹಿರಿಯರೇ, ನಿಮ್ಮ ತಕರಾರಿನಲ್ಲಿ ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪಲಾರೆ.

ಇದ್ದ ಹಾಗೆ ಬಿಡಿಸಿದ್ದಾನೆ ಎನ್ನುವುದಕ್ಕೆ ನಿಮ್ಮ ಪರವಾಗಿ ಇನ್ನೂ ಒಂದು ಸಾಕ್ಷಿ ಕೊಡುತ್ತೇನೆ. ಸಾನ್ ಮಾರ್ಕೊ ಗಂಟೆಗೋಪುರದ ತುದಿ 1489ರಲ್ಲಿ ಸಿಡಿಲು ಹೊಡೆದು ಹೋಗಿತ್ತು. ಚಿತ್ರದಲ್ಲಿ ಗೋಪುರಕ್ಕೆ ಶಿಖರವಿಲ್ಲ, ತಾತ್ಕಾಲಿಕ ಚಪ್ಪಟೆ ಮಾಡು ಇದೆ. ಊರನ್ನು ಹೊಗಳಲು ಹೊರಟ ಚಿತ್ರದಲ್ಲಿ ಊರಿನ ಅತಿ ಎತ್ತರದ ಗೋಪುರವೇ ಮೊಂಡು. ಮುಂದೆ ಹೊಸ ಶಿಖರ ಬಂದ ಮೇಲೆ ಹಲಗೆಯಲ್ಲಿ ಆ ಭಾಗವನ್ನು ತಿದ್ದಿ ಮತ್ತೆ ಅಚ್ಚು ಹಾಕಿದರು.

ಆದರೆ ನಿಂತು ನೋಡುವ ಜಾಗದ ವಿಷಯ ಬೇರೆ. ವೆನಿಸ್‌ನಲ್ಲಿ ಗುಡ್ಡವೇ ಇಲ್ಲ. ದಕ್ಷಿಣದ ಆಕಾಶದಲ್ಲಿ, ಇಷ್ಟು ಎತ್ತರದಲ್ಲಿ ಆಗ ಯಾವ ಮನುಷ್ಯನೂ ನಿಂತಿರಲು ಸಾಧ್ಯವಿಲ್ಲ. ಗೋಪುರ ಗೋಪುರ ಹತ್ತಿ ತೆಗೆದುಕೊಂಡ ತುಂಡು ನೋಟಗಳನ್ನು ಸೇರಿಸಿ ಒಂದೇ ನೋಟವಾಗಿ ಹೊಲಿದಿದ್ದಾರೆ. ಹೊಲಿಯುವಾಗ ಯಾವುದು ಎಲ್ಲಿ ಕೂರಬೇಕು ಎನ್ನುವ ತೀರ್ಮಾನ ಅವರದ್ದೇ. ಸುತ್ತ ಎಂಟು ಗಾಳಿದೇವತೆಗಳ ಮುಖಗಳು ಕೆನ್ನೆ ಉಬ್ಬಿಸಿ ಊದುತ್ತಿವೆ, ಅವನ್ನು ಯಾರೂ ಅಳೆದು ಬಿಡಿಸಲಿಲ್ಲವಲ್ಲ. ಯೂರ್ಗೆನ್ ಶುಲ್ಟ್ಸ್ ಎಂಬ ವಿದ್ವಾಂಸರು 1978ರಲ್ಲಿ ಇದನ್ನೇ ವಿವರವಾಗಿ ತೋರಿಸಿದರು: ದಾರಿ ಹುಡುಕುವ ನಕ್ಷೆಯಾಗಿ ಇದನ್ನು ಓದಬಾರದು, ವೆನಿಸ್ ರಾಜ್ಯದ ಲಾಂಛನವಾಗಿ ಓದಬೇಕು ಎಂದು. ಡೆಬೊರಾ ಹೊವರ್ಡ್ 1997ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಊರಿನ ಆಕಾರವನ್ನೇ ಡಾಲ್ಫಿನ್‌ನಂತೆ ತಿದ್ದಿದ್ದಾರೆ ಎಂದರು.

ಮಸಿಕೈ:

ಡಾಲ್ಫಿನ್ ವಾದ ನನಗೆ ಪೂರ್ತಿ ಹಿಡಿಸಿಲ್ಲ. ಒಮ್ಮೆ ಯಾರೋ ಹೇಳಿದ ಮೇಲೆ ಕಾಣುತ್ತೆ ನಿಜ, ಆದರೆ ಮೋಡದಲ್ಲೂ ಆನೆ ಕಾಣುತ್ತೆ. ದೇವರುಗಳ ವಿಷಯ ಹಾಗಲ್ಲ, ಅವರ ಹೆಸರನ್ನೇ ಬರೆದು ಕೂರಿಸಿದ್ದಾರೆ. ಅಕ್ಷರ ಇರೋ ಕಡೆ ಸಂಕೇತ ಅಂತ ಧೈರ್ಯವಾಗಿ ಹೇಳಬಹುದು. ಹಾಗೇ ಇಬ್ಬರು ದೇವರ ನಡುವೆ ದಾರ ಹಿಡಿದು ಅದು ಸೇತುವೆ ಮೇಲೇ ಹಾಯಬೇಕು ಅಂತ ಅಳೆಯೋಕೂ ಹೋಗಬೇಡಿ. ಅಷ್ಟು ಬಿಗಿ ಲೆಕ್ಕ ಇಲ್ಲಿ ಬೇಕಿಲ್ಲ.

ಮರ್ಕ್ಯುರಿ ಬಗ್ಗೆ ಇನ್ನೊಂದು ಎಳೆ ಇದೆ. ಈ ಚಿತ್ರದ ಮೇಲೆ ಕಲಾವಿದನ ಸಹಿ ಇಲ್ಲ. ಆದರೆ ಬಾರ್ಬರಿ ತನ್ನ ತಾಮ್ರದ ಕೆತ್ತನೆಗಳಿಗೆಲ್ಲ ಸಹಿಯ ಬದಲು ಹಾಕುತ್ತಿದ್ದದ್ದು ಹಾವು ಸುತ್ತಿದ ಕೋಲು. ಮರ್ಕ್ಯುರಿಯ ಕೈಯಲ್ಲಿ ಇರೋದೂ ಅದೇ. ಅದು ಪೇಟೆಯ ದೇವರ ಆಯುಧವೂ ಹೌದು, ಚಿತ್ರ ಬರೆದವನ ರುಜುವೂ ಹೌದು. ಚಿತ್ರ ಮುಗಿದ ವರ್ಷವೇ ಅವನು ಜರ್ಮನಿಗೆ ಹೋಗಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕೆಲಸಕ್ಕೆ ಸೇರಿದ. ಬೆಟ್ಟದಾಚೆಯ ಆ ದಾರಿಯಲ್ಲೇ.

ನನಗೆ ಗಟ್ಟಿ ಅನ್ನಿಸೋ ಸಂಗತಿ ಬೇರೆ. ಊರಿನ ಮೇಲೆ ಕಾವಲಿಗೆ ಕೂರಿಸೋಕೆ ಅವರಿಗೆ ಸಂತ ಮಾರ್ಕ ಇದ್ದ, ಮೇರಿ ಇದ್ದಳು. ಅವರನ್ನು ಬಿಟ್ಟು ವ್ಯಾಪಾರದ ದೇವರನ್ನೂ ನೀರಿನ ದೇವರನ್ನೂ ಆರಿಸಿದ್ದಾರೆ. ಕಲ್ಲಿನ ಸೇತುವೆ ಬಂದಾಗ ಇದು ತಿರುಗಿತು. ಈಗಿನ ರಿಯಾಲ್ಟೊದ ಒಂದು ಮುಖದಲ್ಲಿ ದೇವದೂತ ಗೇಬ್ರಿಯಲ್ ಮತ್ತು ಮೇರಿ, ಇನ್ನೊಂದು ಮುಖದಲ್ಲಿ ಸಂತ ಮಾರ್ಕ ಮತ್ತು ಸಂತ ಥಿಯೊಡೋರ್. ವೆನಿಸ್ ಹುಟ್ಟಿದ್ದು 421ರ ಮಾರ್ಚ್ 25ರಂದು, ದೇವದೂತ ಮೇರಿಗೆ ಸುದ್ದಿ ತಂದ ಹಬ್ಬದ ದಿನ, ಅನ್ನೋದು ಊರವರ ನಂಬಿಕೆ. ಅದೇ ಕತೆಯನ್ನು ಸೇತುವೆಗೆ ಕೆತ್ತಿದರು. ಮರದ ಸೇತುವೆಗೆ ಅಂಥ ಒಡವೆ ಒಂದೂ ಇರಲಿಲ್ಲ. ಅದು ಕೆಲಸ ಮಾಡುತ್ತಿತ್ತು, ಅದೇ ಅದರ ಅರ್ಥ ಆಗಿತ್ತು. ಕಂಬತೊಲೆ ಸರ್ ಹೇಳಿದ್ದೂ ಹಳೇನಕ್ಷೆ ಹೇಳಿದ್ದೂ ಇಲ್ಲಿ ಒಂದೇ ಆಗುತ್ತೆ ಅನ್ನಿಸುತ್ತೆ ನನಗೆ.

ಕಂಬತೊಲೆ:

ಇದು ಬರೋಬ್ಬರಿ ಮಾತು ನೋಡ್ರಿ. ಕಲ್ಲಿನ ಕಮಾನು ಮ್ಯಾಲೆ ಏಳಂಗಿಲ್ಲ. ಮರದ್ದು ಹಡಗಿಗೆ ಎದ್ದು ನಿಂತು ದಾರಿ ಕೊಡತಿತ್ತು. ನಾ ಒಪ್ಪಿದೆ.

ಶಿರಸಿಮೆಣಸು:

ಇಷ್ಟು ಹೊತ್ತು ಸುಮ್ಮನೆ ಓದುತ್ತಾ ಇದ್ದೆ. ಆ ಹಲಗೆ ಎತ್ತಿದಾಗ ಒಳಗೆ ಹೋಗುತ್ತಿದ್ದ ಸರಕು ಯಾವುದು ಎಂದು ಯಾರೂ ಹೇಳಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಅಡಿಕೆ ತೋಟ, ಮರಕ್ಕೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಹೋದ ತಿಂಗಳಷ್ಟೇ ಕೊಯ್ಲು ಮುಗಿಯಿತು. ಅಂಗಳದಲ್ಲಿ ಒಣ ಹಾಕಿದ ಮೆಣಸು ಕೈಯಲ್ಲಿ ಆಡಿಸುವಾಗೆಲ್ಲ ಈ ರಿಯಾಲ್ಟೊ ನೆನಪಾಗುತ್ತದೆ, ಉತ್ಪ್ರೇಕ್ಷೆಯಲ್ಲ.

ನಮ್ಮ ಪಶ್ಚಿಮ ಕರಾವಳಿಯ ಮೆಣಸು ಅರಬ್ಬರ ಹಡಗಿನಲ್ಲಿ ಕೆಂಪು ಸಮುದ್ರಕ್ಕೆ, ಅಲ್ಲಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ, ಅಲ್ಲಿಂದ ವೆನಿಸ್ ಹಡಗುಗಳಲ್ಲಿ ರಿಯಾಲ್ಟೊಗೆ. ಜರ್ಮನ್ ವರ್ತಕರು ಆ ಫೊಂದಾಕೊದಲ್ಲಿ ಕೂತು ಕೊಳ್ಳುತ್ತಿದ್ದ ಸರಕಿನಲ್ಲಿ ಮುಖ್ಯವಾದದ್ದು ಇದೇ. ವೆನಿಸ್ ರಾಜ್ಯದ ನಿಕೊಲೊ ದೆ ಕೊಂತಿ 15ನೇ ಶತಮಾನದ ಮೊದಲ ಭಾಗದಲ್ಲಿ ವಿಜಯನಗರದವರೆಗೂ ಬಂದು ಹೋಗಿದ್ದ. ಅವನು ಕಂಡದ್ದನ್ನು ಪೋಪ್‌ನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿ ಬರೆದಿಟ್ಟ.

ಈಗ ಇಸವಿಗಳನ್ನು ನೋಡಿ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಹಿಂದಿರುಗುವ ಮುನ್ನ ಹಡಗು ರಿಪೇರಿಗೆ ತಂಗಿದ್ದು ನಮ್ಮ ಕಾರವಾರದ ಎದುರಿನ ಅಂಜುದ್ವೀಪದಲ್ಲಿ. 1499ರಲ್ಲಿ ಲಿಸ್ಬನ್ ಮುಟ್ಟಿದ. ಕೋಲ್ಬ್‌ನ ಮೂರು ವರ್ಷದ ಕೆಲಸವೂ ಇದೇ ಹೊತ್ತಿಗೆ ನಡೆದಿದೆ. ಗಾಮನ ಹಡಗು ಅಂಜುದ್ವೀಪದಲ್ಲಿದ್ದಾಗ ಅತ್ತ ವೆನಿಸ್‌ನಲ್ಲಿ ಊರಿನ ಗೆರೆಗಳನ್ನು ಬಿಡಿಸುತ್ತಾ ಇದ್ದರು. ಮರ್ಕ್ಯುರಿ ಉಳಿದೆಲ್ಲ ಪೇಟೆಗಳಿಗಿಂತ ಮಿಗಿಲು ಎಂದು ಹೇಳುವ ಹೊತ್ತಿಗೆ ಮೆಣಸು ಬೇರೆ ದಾರಿ ಹಿಡಿದಿತ್ತು. ಮುಂದೆ ರಿಯಾಲ್ಟೊದಲ್ಲಿ ಬ್ಯಾಂಕ್ ತೆರೆದ ಜಿರೊಲಾಮೊ ಪ್ರಿಯುಲಿ 1501ರಲ್ಲಿ ಪೋರ್ಚುಗೀಸರ ಸುದ್ದಿ ಕೇಳಿ ದಿನಚರಿಯಲ್ಲಿ ಬರೆದುಕೊಂಡ. ವೆನಿಸ್‌ಗೆ ಸಂಬಾರ ಪದಾರ್ಥ ತಪ್ಪಿದರೆ ಎಳೆಗೂಸಿಗೆ ಹಾಲು ತಪ್ಪಿದ ಹಾಗೆ ಎಂಬರ್ಥದ ಮಾತು.

ತುಂಗಾತೀರ ಅವರೇ, ಸೇತುವೆ ಮುರಿದಿದೆ ಎಂದು ನಿಮಗೆ ಮೊದಲು ಅನ್ನಿಸಿತಲ್ಲ, ಚಿತ್ರ ಬರೆದವನ ಮನಸ್ಸಿನಲ್ಲಿ ಅದು ಇರಲಿಲ್ಲ. ಆದರೂ ನಿಮ್ಮ ಕಣ್ಣು ತೀರಾ ತಪ್ಪಲಿಲ್ಲ ಎಂದೇ ನಾನು ಅಂದುಕೊಳ್ಳುತ್ತೇನೆ.

ಹಳೇನಕ್ಷೆ:

ಒಂದು ಸಣ್ಣ ತಿದ್ದುಪಡಿ ಸೇರಿಸುತ್ತೇನೆ. ವೆನಿಸ್‌ನ ಮೆಣಸಿನ ವ್ಯಾಪಾರ ಒಂದೇ ಏಟಿಗೆ ಸಾಯಲಿಲ್ಲ. 16ನೇ ಶತಮಾನದ ನಡುವಿನಲ್ಲಿ ಕೆಂಪು ಸಮುದ್ರದ ದಾರಿ ಮತ್ತೆ ಚೇತರಿಸಿತು. ಆದರೆ 1501ರ ಆ ಭಯ ನಿಜ. ಅಂಜುದ್ವೀಪದ ವಿಷಯ ನನಗೆ ಹೊಳೆದೇ ಇರಲಿಲ್ಲ. ನಾನು ಅಂಕೋಲೆಯವನು, ಚಿಕ್ಕವನಿದ್ದಾಗ ಕಾರವಾರದ ದಂಡೆಯಿಂದ ಆ ದ್ವೀಪ ನೋಡಿದ್ದೇನೆ.

ತುಂಗಾತೀರ:

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಕಾರಣ ಹೇಳುತ್ತೇನೆ.

ನಿನ್ನೆ ಚಿತ್ರವನ್ನು ಇಳಿಸಿ ಕಟ್ಟು ಹಾಕಿದ ಅಂಗಡಿಗೇ ತೆಗೆದುಕೊಂಡು ಹೋದೆ. ಮೇಲಂಚು ಕತ್ತರಿಸಿಬಿಟ್ಟಿದ್ದೀರಾ ಎಂದು ಕೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು. ಅವರು ಮಾತಾಡದೆ ಹಿಂದಿನ ರಟ್ಟಿನ ಮೊಳೆಗಳನ್ನು ಒಂದೊಂದಾಗಿ ಎಳೆದು ತೆಗೆದರು. ಕತ್ತರಿಸಿರಲಿಲ್ಲ. ತಯಾರಿದ್ದ ಕಟ್ಟಿಗೆ ಕಾಗದ ನಾಲ್ಕು ಬೆರಳು ಉದ್ದವಾಗಿತ್ತಂತೆ. ಮೇಲಿನ ಭಾಗ ಬರೀ ಆಕಾಶ ಎಂದುಕೊಂಡು ಹಿಂದಕ್ಕೆ ಮಡಚಿ ರಟ್ಟಿನ ಅಡಿ ಸೇರಿಸಿದ್ದರು. ಬಿಡಿಸಿದರೆ ಮರ್ಕ್ಯುರಿ ಅಲ್ಲೇ ಕೂತಿದ್ದ, ಕೈಯಲ್ಲಿ ಕೋಲು. ಮಡಿಕೆಯ ಗೆರೆ ಸರಿಯಾಗಿ ಮೋಡದ ಕೆಳಗೆ, ಬೆಟ್ಟದ ಮೇಲೆ ಹಾದಿದೆ. ಅಂಗಡಿಯವರು ತಮ್ಮ ಕನ್ನಡಕ ಹಾಕಿಕೊಂಡು ಅವನನ್ನು ನೋಡಿ, ಇವರು ಯಾರಮ್ಮ ಎಂದು ಕೇಳಿದರು. ಅಲ್ಲೇ ಸ್ಟೂಲಿನ ಮೇಲೆ ಕೂತು ನೀವೆಲ್ಲ ಬರೆದದ್ದನ್ನು ಹೇಳಿದೆ. ಸೇತುವೆ ತೋರಿಸಿದೆ, ಎತ್ತುವ ಹಲಗೆ ತೋರಿಸಿದೆ, ಮೆಣಸಿನ ಕತೆ ಹೇಳಿದೆ.

ಮಡಿಕೆ ಹೋಗಲು ಭಾರ ಹೇರಿ ಒಂದು ವಾರ ಇಡಬೇಕಂತೆ. ಹೊಸ ಕಟ್ಟಿಗೆ ಅಳತೆ ಕೊಟ್ಟು ಬಂದಿದ್ದೇನೆ, ಈ ಸಲ ನಾಲ್ಕು ಬೆರಳು ಎತ್ತರ.